ನೂರೆಂಬತ್ತು ರೂಪಾಯಿಯ ಚಾಕು

ಸೋಮವಾರ, 9 ಫೆಬ್ರವರಿ 2026. ಬೆಳಗ್ಗೆ 7.50ಕ್ಕೆ ಒಬ್ಬ ಹೆಂಗಸು ದಿಬ್ಬೂರಹಳ್ಳಿ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಳು. ಒಳಗೆ ಬರಲಿಲ್ಲ. ಪಹರೆಯವನು ಏನಮ್ಮ ಎಂದು ಕೇಳಿದಾಗ, "ನಮ್ಮೆಜಮಾನ್ರು ತೋಟದಲ್ಲಿ ಬಿದ್ದವ್ರೆ. ಏಳಿಸಿದ್ರೆ ಏಳ್ತಿಲ್ಲ" ಎಂದಳು.

ಹೆಸರು ಹರಿಣಿ. ಗಂಡ ಮೋಹನ್‌ಬಾಬು, ನಲವತ್ತೊಂದು ವರ್ಷ. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ಅದರ ಜೊತೆಗೆ ಮಡಚುವ ಚಾಕುಗಳನ್ನು ಪೆಟ್ಟಿಗೆಗಟ್ಟಲೆ ತರಿಸಿ ಚಿಂತಾಮಣಿ, ಮಂಚೇನಹಳ್ಳಿ, ಶಿಡ್ಲಘಟ್ಟದ ಬಸ್ ನಿಲ್ದಾಣಗಳ ಎದುರು ಮಾರುತ್ತಿದ್ದ. ಹರಿಣಿ ಶುಕ್ರವಾರ ಗೌರಿಬಿದನೂರಿನ ತವರಿಗೆ ಹೋಗಿದ್ದವಳು ಈ ದಿನ ಮೊದಲ ಬಸ್ಸಿಗೆ ಬಂದಿದ್ದಳು. ದೂರಿನಲ್ಲಿ ಅವಳು ಒಂದು ಹೆಸರು ಬರೆಸಿದಳು: ಚಲಪತಿ. ಚಿಂತಾಮಣಿಯಲ್ಲಿ ಸಾಣೆ ಹಿಡಿಯುವವನು. ಶನಿವಾರ ಜನರ ಎದುರಿಗೇ ಮೋಹನ್‌ಬಾಬುವಿಗೆ "ಒಂದಿನ ನಿನ್ ಚಾಕೇ ನಿನ್ನ ಕುಯ್ಯುತ್ತೆ ನೋಡ್ತಿರು" ಎಂದಿದ್ದನಂತೆ.

8.30ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 103ರ ಅಡಿ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಸಂಘಮಿತ್ರ ಹೆಡ್ ಕಾನ್‌ಸ್ಟೆಬಲ್ ವೆಂಕಟರಾಯಪ್ಪನವರನ್ನು ಕರೆದುಕೊಂಡು ಹೊರಟಳು.

ಶವ ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ನೀರಿನ ಕಾಲುವೆಗೆ ಅಡ್ಡಲಾಗಿ ಬಿದ್ದಿತ್ತು. ಕತ್ತಿನ ಎಡಭಾಗದಲ್ಲಿ ಒಂದೇ ಗಾಯ. ಸುತ್ತ ಮಣ್ಣು ಕಪ್ಪಗಾಗಿತ್ತು. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರೂ ಬಿಚ್ಚದ ಒಂದು ಹೊಸ ಚಾಕು. ಕೊಲೆಗೆ ಬಳಸಿದ ಆಯುಧ ಸಿಗಲಿಲ್ಲ. ಬಂದ ವೈದ್ಯರು, ಅಲಗು ಮೂರು ಅಂಗುಲಕ್ಕಿಂತ ಉದ್ದವಿರಲಾರದು, ಸಾವು ಭಾನುವಾರ ಸಂಜೆ ನಾಲ್ಕರಿಂದ ಆರರ ನಡುವೆ ಆಗಿರಬೇಕು ಎಂದರು. ಪಂಚರ ಎದುರು ಸ್ಥಳ ಪಂಚನಾಮೆ ಮುಗಿಯುವಷ್ಟರಲ್ಲಿ 10.40.

ಹುಳುಮನೆ ಅಲ್ಲಿಂದ ಮೂವತ್ತು ಹೆಜ್ಜೆ. ಬಾಗಿಲಲ್ಲಿ ವೆಂಕಟರಾಯಪ್ಪ ಬೂಟು ಬಿಚ್ಚಿ, ಬ್ಲೀಚಿಂಗ್ ನೀರಿನ ಬೇಸಿನ್ನಿನಲ್ಲಿ ಕೈ ಅದ್ದಿದರು.

"ಕೊಲೆ ಕೇಸಲ್ಲಿ ಇದೇನ್ರಿ ವೆಂಕಟರಾಯಪ್ಪ?"

"ಹುಳಕ್ಕೆ ಕೇಸ್ ಗೊತ್ತಾಗಲ್ಲ ಮೇಡಂ. ರೋಗ ಬಂದ್ರೆ ಸಾಯ್ತವೆ. ನೀವೂ ಅದ್ದಿ."

ಒಳಗೆ ಮಂದ ಬೆಳಕು. ತಟ್ಟೆಗಳಲ್ಲಿ ಎರಡನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಸಣ್ಣ ಹುಳುಗಳು. ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುವಷ್ಟು ಸದ್ದು. ಪಕ್ಕದ ಕೋಣೆಯಲ್ಲಿ ಯಾರೋ ತುಟಿ ಬಿಚ್ಚದೆ ಮಾತಾಡುತ್ತಿರುವಂತೆ. ವೆಂಕಟರಾಯಪ್ಪ ಒಂದು ತಟ್ಟೆಯನ್ನು ಹೊರಗೆಳೆದು ಸೊಪ್ಪಿನ ಚೂರೊಂದನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಏನು?"

"ಹರಿಣಮ್ಮ ಬೆಳಗ್ಗೆಯಿಂದ ಸೊಪ್ಪು ಹಾಕಿಲ್ಲ ಅಂದ್ರು. ಸತ್ತೋನು ಹಾಕಿದ್ರೆ ನಿನ್ನೆ ಬೆಳಗ್ಗೆ ಹತ್ತಕ್ಕೆ ಹಾಕಿರ್ಬೇಕು. ಹತ್ತರ ಸೊಪ್ಪಾಗಿದ್ರೆ ಇಷ್ಟೊತ್ತಿಗೆ ಒಣಗಿ ಗರಿಗರಿ ಆಗ್ತಿತ್ತು, ಇದಿನ್ನೂ ಮೆತ್ತಗಿದೆ. ಸಂಜೇದು. ಸಂಜೆ ಸೊಪ್ಪು ಹಾಕೋ ಹೊತ್ತು ಆರು ಗಂಟೆ ಮೇಡಂ. ಆಗ ಅವ್ನು ಕಾಲುವೇಲಿ ಬಿದ್ದಿದ್ದ."

ಹೆಚ್ಚಿ ಉಳಿದ ಸೊಪ್ಪನ್ನು ಬುಟ್ಟಿಗೆ ತುಂಬಿ, ಒದ್ದೆ ಗೋಣಿ ಮುಚ್ಚಿಟ್ಟಿತ್ತು. ತಟ್ಟೆಯಲ್ಲಿ ಅಲ್ಲಲ್ಲಿ ಸೊಪ್ಪಿನ ಚೂರುಗಳು ಹಾಗೇ ಉಳಿದಿದ್ದವು. ಸುತ್ತಲಿನದನ್ನೆಲ್ಲ ತಿಂದ ಹುಳುಗಳು ಅವನ್ನು ಮಾತ್ರ ಬಿಟ್ಟು ಸರಿದಿದ್ದವು. ಸಂಘಮಿತ್ರ ಒಂದು ಚೂರನ್ನು ಚಿಮಟದಲ್ಲಿ ಎತ್ತಿ ಟಾರ್ಚ್ ಹಿಡಿದಳು. ಒಣಗಿದ ರಕ್ತ.

ಶವದಿಂದ ಇಲ್ಲಿಯವರೆಗೆ ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಇಲ್ಲಿ ಮಾತ್ರ ತಟ್ಟೆ ತಟ್ಟೆಯಲ್ಲೂ ಹನಿಗಳಿದ್ದವು. ಅಂದರೆ ಇದು ಮೋಹನ್‌ಬಾಬುವಿನ ರಕ್ತವಲ್ಲ, ಸೊಪ್ಪು ಹೆಚ್ಚುವಾಗ ಆ ಕೈಯಿಂದಲೇ ಒಸರಿದ್ದು. ಕೊಂದವರು ಗಾಯಗೊಂಡ ಕೈಗೆ ಏನನ್ನೋ ಸುತ್ತಿಕೊಂಡು ಒಳಗೆ ಬಂದು, ಸೊಪ್ಪು ಹೆಚ್ಚಿ, ಇಷ್ಟೂ ತಟ್ಟೆಗೆ ಸಮನಾಗಿ ಉದುರಿಸಿ, ಉಳಿದದ್ದು ಬಾಡದ ಹಾಗೆ ಮುಚ್ಚಿಟ್ಟು ಹೋಗಿದ್ದಾರೆ.

"ಯಾರು ಮಾಡ್ತಾರ್ರಿ ಹೀಗೆ?"

"ಹುಳು ಸಾಕಿರೋರು ಯಾರಾದ್ರೂ ಮಾಡ್ತಾರೆ" ಎಂದರು ವೆಂಕಟರಾಯಪ್ಪ. ತಾನು ಹೇಳಿದ್ದು ತನಗೇ ಇಷ್ಟವಾಗದವರಂತೆ ಮುಖ ತಿರುಗಿಸಿದರು.

ಮಧ್ಯಾಹ್ನ 12.20ಕ್ಕೆ ಠಾಣೆಗೆ ಮರಳಿದಾಗ ಚಲಪತಿಯನ್ನು ಚಿಂತಾಮಣಿಯಿಂದ ಕರೆತಂದಿದ್ದರು. ಐವತ್ತೈದರ ಸುಮಾರಿನ ಸಣಕಲು ಆಳು. ಹೆಬ್ಬೆರಳ ತುದಿ ಸಾಣೆಕಲ್ಲಿಗೆ ಸವೆದು ಚಪ್ಪಟೆಯಾಗಿತ್ತು. ಡಿವೈಎಸ್‌ಪಿ ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು: ಬೆದರಿಕೆ ಹಾಕಿದವನಿದ್ದಾನೆ, ಸಾಕ್ಷಿಗಳಿದ್ದಾರೆ, ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಇವನ ಬಂಧನ ತೋರಿಸಿ ನಾಳೆ ಕೋರ್ಟಿಗೆ ಹಾಜರುಪಡಿಸಿ. ಚಲಪತಿಗೂ ಅದು ಗೊತ್ತಿತ್ತು.

"ನಿನ್ನೆ ಸಂಜೆ ಎಲ್ಲಿದ್ದೆ?"

"ಮನೇಲಿ. ಒಬ್ಬನೇ ಇದ್ದೆ. ಸಾಕ್ಷಿಗೆ ನಮ್ಮನೆ ಬೆಕ್ಕನ್ನ ಕರ್ಕೊಂಡ್ ಬರ್ಬೇಕಷ್ಟೇ ಮೇಡಂ."

"ತಮಾಷೆ ಬೇಡ. ಯಾಕೆ ಬೈದೆ ಅವನಿಗೆ?"

"ಬೈಯದೆ ಇನ್ನೇನು? ಅವನ ಹತ್ರ ತಗೊಂಡು ನನ್ ಹತ್ರ ತರ್ತಾರೆ, ಸಾಣೆ ಹಿಡಿ ಅಂತ. ಆ ಅಲಗಿಗೆ ಏನ್ ಹಿಡೀಲಿ? ಮೂರು ದಿನಕ್ಕೆ ಮತ್ತೆ ಮೊಂಡು. ಅದಿರ್ಲಿ, ಲಾಕ್ ಇದೆ, ಲೈಫ್‌ಟೈಮ್ ಗ್ಯಾರಂಟಿ ಅಂತಿದ್ದ. ಒಳಗೆ ತಗಡಿನ ಪಟ್ಟಿ. ಅಲಗಿನ ಬೆನ್ನ ಮೇಲೆ ಒತ್ತಿದ್ರೆ ಪಟ್ಟಿ ಜಾರ್‌ತದೆ, ಅಲಗು ಮಡಚ್ಕೊಂಡು ಬೆರಳ ಮೇಲೆ ಬೀಳ್ತದೆ."

"ಅಗ್ಗದ ಚಾಕು ಎಲ್ಲವೂ ಹಾಗೇನಾ?"

"ಇಲ್ಲ ಮೇಡಂ, ಅನ್ಯಾಯವಾಗಿ ಮಾತಾಡ್ಬಾರ್ದು. ತೊಂಬತ್ತು ರೂಪಾಯಿಗೆ ಲಾಕೇ ಇಲ್ದಿರೋದು ಸಿಗ್ತದೆ. ನಮ್ಮಪ್ಪ ಅದರಲ್ಲೇ ಜೀವನ ಕಳೆದ್ರು. ಅದು ಮಡಚ್ಕೊಳ್ತದೆ ಅಂತ ಕೈಗೆ ಗೊತ್ತಿರ್ತದೆ, ಕೈ ಹುಷಾರಾಗಿರ್ತದೆ. ಲಾಕ್ ಇದೆ ಅಂತ ನಂಬಿದ ಕೈ ಇರ್ತದಲ್ಲ, ಅದು ಕೆಟ್ಟುಹೋಗ್ತದೆ."

ಸಂಘಮಿತ್ರ ಸೊಪ್ಪಿನ ಚೂರುಗಳಿದ್ದ ಕವರನ್ನು ಮೇಜಿನ ಮೇಲಿಟ್ಟಳು. ಚಲಪತಿ ಕಣ್ಣಿಗೆ ಹತ್ತಿರ ಹಿಡಿದ.

"ಇದು ಕುಯ್ದಿದ್ದಲ್ಲ, ಜಜ್ಜಿ ಹರಿದಿದ್ದು. ನೋಡಿ, ಅಂಚೆಲ್ಲ ಕಪ್ಪಾಗಿದೆ. ಮೊಂಡು ಅಲಗು, ಚಿಕ್ಕದು. ಹುಳುಮನೆ ಮಚ್ಚಲ್ಲಿ ಹೆಚ್ಚಿದ್ರೆ ಹಿಂಗೆ ಬರಲ್ಲ."

"ನಿನ್ನ ಎರಡೂ ಕೈ ತೋರಿಸು."

ಚಲಪತಿ ಅಂಗೈ ಮೇಲೆ ಮಾಡಿ ಹಿಡಿದ. ಬೆರಳುಗಳ ಒಳಬದಿಯಲ್ಲಿ ಹೊಸ ಗಾಯ ಒಂದೂ ಇರಲಿಲ್ಲ. ಇಷ್ಟು ಸಾಲದು ಎಂದು ಸಂಘಮಿತ್ರಳಿಗೆ ಗೊತ್ತಿತ್ತು. ಆ ಗಾಯ ಇರುವ ಇನ್ನೊಂದು ಕೈ ಸಿಗುವ ತನಕ ಇವನನ್ನು ಬಿಡುವ ಹಾಗಿರಲಿಲ್ಲ.

ವೆಂಕಟರಾಯಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ಮಹತಿ ಸುತ್ತಲಿನ ಕ್ಲಿನಿಕ್ಕು, ಔಷಧಿ ಅಂಗಡಿಗಳಲ್ಲಿ ವಿಚಾರಿಸಿದರು. ಎಲ್ಲೂ ಏನೂ ಇಲ್ಲ. 3.15ಕ್ಕೆ, ಹತ್ತಿರದ ಆರೋಗ್ಯ ಕೇಂದ್ರದ ಇಂಜೆಕ್ಷನ್ ರಿಜಿಸ್ಟರಿನಲ್ಲಿ ಒಂದು ಸಾಲು ಸಿಕ್ಕಿತು. ಭಾನುವಾರ ಸಂಜೆ 7.05. ತನುಜ, ಇಪ್ಪತ್ತಾರು ವರ್ಷ. ಬಲಗೈ ಬೆರಳುಗಳಿಗೆ ಗಾಯ, ಟಿಟಿ ಕೊಡಲಾಗಿದೆ.

ಸಂಘಮಿತ್ರ ಕೂಡಲೇ ಅಲ್ಲಿಗೆ ಬಂದಳು. ನರ್ಸ್ ಅಮೃತಾಗೆ ಚೆನ್ನಾಗಿ ನೆನಪಿತ್ತು.

"ನಾನು ಹೆದರಿಬಿಟ್ಟೆ ಮೇಡಂ. ಅದೇ ಬೆರಳು."

"ಯಾವ ಅದೇ?"

"ನವೆಂಬರಲ್ಲಿ ಅವಳ ಗಂಡ ಭಾನುಪ್ರಕಾಶ್ ಬಂದಿದ್ರು. ಇದೇ ಮೂರು ಬೆರಳು, ಇದೇ ಥರ ಅಡ್ಡಕ್ಕೆ. ಸೊಪ್ಪು ಕುಯ್ಯೋವಾಗ ಚಾಕು ಮಡಚ್ಕೊಂಡಿತ್ತಂತೆ. ಆದ್ರೆ ಅವರು ಬಂದಿದ್ದು ಎಂಟನೇ ದಿನಕ್ಕೆ. ಅಷ್ಟೊತ್ತಿಗೆ ದವಡೆ ಬಿಗಿದಿತ್ತು. ಚಿಕ್ಕಬಳ್ಳಾಪುರಕ್ಕೆ ಕಳಿಸಿದ್ವಿ, ಅಲ್ಲಿಂದ ಬೆಂಗಳೂರಿಗೆ. ಧನುರ್ವಾಯು. ಉಳೀಲಿಲ್ಲ. ನಿನ್ನೆ ಇವಳು ಬಂದು ಕೈ ಚಾಚಿದಾಗ ಅವರೇ ಮತ್ತೆ ಬಂದು ನಿಂತ ಹಾಗಾಯ್ತು."

ತನುಜಳ ಮನೆ ಅಲ್ಲಿಂದ ನಾಲ್ಕು ಕಿಲೋಮೀಟರು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲವಾದ್ದರಿಂದ ಸಂಘಮಿತ್ರ ಜೀಪನ್ನು ವೇಗವಾಗಿ ಓಡಿಸಲು ಹೇಳಿದಳು. 4.40ಕ್ಕೆ ತಲುಪಿದರು. ಗಟ್ಟಿಮುಟ್ಟಾದ ಸಣ್ಣ ಮನೆ. ಪಕ್ಕದ ಹುಳುಮನೆಯಲ್ಲಿ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿತ್ತು. ಎಲ್ಲದರ ಮೇಲೂ ಧೂಳು. ಗೂಟದಲ್ಲಿ ಗಂಡಸಿನ ಅಂಗಿ ಒಂದು, ಆಗಷ್ಟೇ ಒಗೆದು ಒಣಹಾಕಿದ ಹಾಗೆ.

ತನುಜ ಬಾಗಿಲಲ್ಲಿ ನಿಂತಿದ್ದಳು. ಬಲಗೈಗೆ ಬಿಳಿ ಪಟ್ಟಿ.

"ಬನ್ನಿ ಮೇಡಂ. ಚಾಕು ಒಳಗಿದೆ, ತೊಳೆದಿಲ್ಲ."

ಅವಳು ಅಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು.

"ಯಾಕೆ ಹೋಗಿದ್ದೆ ಅವನ ಹತ್ರ?"

"ಇನ್ನು ಮಾರ್ಬೇಡಿ ಅಂತ ಹೇಳೋಕೆ. ತೋರ್ಸೋಕೆ ಅಂತ ಚಾಕು ತಗೊಂಡ್ ಹೋಗಿದ್ದೆ. ಇದ್ರಿಂದ ನಮ್ಮನೆಯವ್ರು ಹೋದ್ರು ಅಂದೆ."

"ಅವನೇನಂದ?"

"ಪಾಪ ಅಂದ. ನೀರು ಕಟ್ಟೋದು ನಿಲ್ಲಿಸ್ಲಿಲ್ಲ. ಆಮೇಲೆ ಜೇಬಿಂದ ಹೊಸದೊಂದು ತೆಗೆದ. ಹಳೇದು ಕೊಟ್ಟು ಇದನ್ನ ತಗೊಂಡ್ಹೋಗಮ್ಮ, ಗ್ಯಾರಂಟಿ ಇದೆ, ಬದಲಾಯಿಸಿ ಕೊಡ್ತೀನಿ ಅಂದ."

"ತಗೊಂಡ್ಯಾ?"

"ಇಲ್ಲ. ಕೊಡ್ತಿದ್ದವ್ನು ಅದನ್ನ ವಾಪಸ್ ಜೇಬಿಗೆ ಹಾಕ್ಕೊಂಡ. ಬೇಡ್ವಾ, ಸರಿ ಬಿಡು ಅಂದ. ಅಷ್ಟೇ ನಂಗೆ ನೆನಪಿರೋದು. ಆಮೇಲೆ ಬೆರಳು ಉರೀತಿತ್ತು."

"ಸೊಪ್ಪು ಯಾಕೆ ಹಾಕ್ದೆ?"

ತನುಜ ಅವಳನ್ನು ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಕೈ ತೊಳೆಯೋಕೆ ಅಂತ ಹೋದೆ. ಹುಳು ತಲೆ ಎತ್ಕೊಂಡಿದ್ವು. ಅವೇನ್ ಮಾಡಿದ್ವು ಮೇಡಂ? ಅವನ ಮಚ್ಚು ಅಲ್ಲೇ ಇತ್ತು. ಮುಟ್ಟೋಕೆ ಮನಸ್ಸಾಗ್ಲಿಲ್ಲ."

"ಇಂಜೆಕ್ಷನ್?"

"ನಮ್ಮನೆಯವ್ರಿಗೆ ಕುಯ್ದಾಗ ನಾನೇ ಅರಿಶಿನ ಒತ್ತಿ, ಏನಾಗಲ್ಲ ಬಿಡಿ, ಚಿಕ್ಕ ಗಾಯ ಅಂದಿದ್ದೆ." ಅವಳು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಳು. "ನಂಗೆ ಗಲ್ಲು ಆಗ್ಲಿ. ಆ ಸಾವು ಬೇಡ. ಅದನ್ನ ನೋಡಿದೀನಿ."

5.25ಕ್ಕೆ ಬಂಧನ. ಚಾಕು ಜಪ್ತಿ. ಆರು ಗಂಟೆಗೆ ಚಲಪತಿಯನ್ನು ಬಿಡುಗಡೆ ಮಾಡಿದರು. ಅವನು ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು, "ಯಾರು ಅಂತ ಕೇಳಲ್ಲ ಮೇಡಂ. ಹೆಣ್ಮಗಳು ಅಂತೆ" ಎಂದ.

ಮಂಗಳವಾರ ಬೆಳಗ್ಗೆ 9.30. ಮೋಹನ್‌ಬಾಬುವಿನ ಮನೆಯಿಂದ ತಂದ ಪೆಟ್ಟಿಗೆಯನ್ನು ಪಂಚರ ಎದುರು ತೆರೆದರು. ತಿಳಿದವನೆಂದು ಚಲಪತಿಯನ್ನೇ ಕರೆಸಿದ್ದರು. ನೂರೆಂಬತ್ತು ರೂಪಾಯಿಯ ಚೀಟಿ ಇದ್ದವು ಹತ್ತು, ಮುನ್ನೂರೈವತ್ತರವು ಹತ್ತು. ಅವನು ಒಂದೊಂದನ್ನೂ ಬಿಚ್ಚಿ, ಅಲಗಿನ ಬೆನ್ನನ್ನು ಮರದ ತುಂಡಿಗೆ ಒಂದೇ ಬಲದಲ್ಲಿ ಒತ್ತಿದ. ನೂರೆಂಬತ್ತರವುಗಳಲ್ಲಿ ಏಳು ಮಡಚಿಕೊಂಡವು. ಮುನ್ನೂರೈವತ್ತರವುಗಳಲ್ಲಿ ಒಂದೂ ಇಲ್ಲ.

"ಇದು ಒಳ್ಳೇ ಮಾಲು" ಎಂದ ಚಲಪತಿ ಬೇಸರದಿಂದ. "ಕೊಟ್ಟ ಕಾಸಿಗೆ ಮೋಸ ಇಲ್ಲ." ವೆಂಕಟರಾಯಪ್ಪ ಅದನ್ನು ಪಂಚನಾಮೆಯಲ್ಲಿ ಬರೆದರು. ಸಂಘಮಿತ್ರ ಸಹಿ ಹಾಕಿದಳು.

ಹನ್ನೊಂದಕ್ಕೆ ಮಹತಿ ತನುಜಳನ್ನು ಕರೆತಂದಳು. ಶಿಡ್ಲಘಟ್ಟದ ಕೋರ್ಟಿಗೆ ಹೊರಡುವ ಮುನ್ನ ಕಾಗದಗಳಿಗೆ ಅವಳ ಸಹಿ ಬೇಕಿತ್ತು. ಬಿ.ಎ. ಓದಿದವಳು ಎಡಗೈಯಲ್ಲಿ ಸಹಿ ಬಾರದೆ ಹೆಬ್ಬೆಟ್ಟು ಒತ್ತಿದಳು. ಕೊಲೆಯ ಉದ್ದೇಶ ಎಂಬಲ್ಲಿ 'ಹಳೆಯ ದ್ವೇಷ' ಎಂದು ಟೈಪಾಗಿತ್ತು. ಸಂಘಮಿತ್ರ ಅದನ್ನು ಎರಡು ಸಲ ಓದಿದಳು. ಅದರ ಜಾಗಕ್ಕೆ ಬೇರೆ ಯಾವ ಪದ ಹಾಕಬೇಕೆಂದು ಅವಳಿಗೂ ತೋಚಲಿಲ್ಲ.

"ಮೇಡಂ" ಎಂದಳು ತನುಜ, ಬೆರಳಿನ ಶಾಯಿ ಒರೆಸಿಕೊಳ್ಳುತ್ತ. "ಆ ಚಾಕು ತಂದಿದ್ದು ನಾನೇ. ಚಿಂತಾಮಣೀಲಿ, ಅವರ ಹುಟ್ಟಿದಬ್ಬಕ್ಕೆ. ಮುನ್ನೂರೈವತ್ತರದ್ದು ಕೈಲಿ ಹಿಡ್ಕೊಂಡಿದ್ದೆ. ಎರಡೂ ನೋಡೋಕೆ ಒಂದೇ ಥರ ಇದ್ವು. ಅದನ್ನ ಇಟ್ಟು ಇದನ್ನ ತಗೊಂಡೆ." ಮುಖ ಎತ್ತಿದಳು. "ಅದನ್ನ ತಗೊಂಡಿದ್ರೆ ಲಾಕ್ ನಿಲ್ತಿತ್ತಾ?"

ಹೊರಗೆ ಜೀಪು ಶುರುವಾಯಿತು.

"ಇಲ್ಲಮ್ಮ" ಎಂದಳು ಸಂಘಮಿತ್ರ. "ಅದೂ ಅಷ್ಟೇ. ಎಲ್ಲಾ ಒಂದೇ ಮಾಲು."

ವೆಂಕಟರಾಯಪ್ಪ ಒಂದು ಕ್ಷಣ ತಲೆ ಎತ್ತಿದರು. ಆಮೇಲೆ ಮೇಜಿನ ಮೇಲಿದ್ದ ಪಂಚನಾಮೆಯ ಹಾಳೆಗಳನ್ನು ಮೆಲ್ಲಗೆ ಕವುಚಿ ಇಟ್ಟರು.