ಪರದೆಗೆ ಬಾರದ ಎತ್ತು

"ಒಲಿಗೆ ಹಾಕಬ್ಯಾಡ! ಭಗ್ ಅಂತೈತಿ... ಮನಿ ಸುಟ್ಟುಹೋಗತೈತಿ!"

ಅಮರಪ್ಪ ಒಂದೇ ಜಿಗಿತಕ್ಕೆ ಅಡುಗೆಮನೆಗೆ ನುಗ್ಗಿ, ಪಾರ್ವತೆಮ್ಮನ ಕೈಯಿಂದ ತಗಡಿನ ಡಬ್ಬಿ ಕಸಿದುಕೊಂಡ. ಈಗಷ್ಟೇ ಅವನೇ ಕೊಟ್ಟ ಡಬ್ಬಿ. ಒಳಗಿದ್ದದ್ದು ಸಿನಿಮಾ ರೀಲಿನ ತುಂಡು. ಕಿಡಿ ತಾಗಿದರೆ ಮದ್ದಿನಂತೆ ಉರಿಯುವಂಥದ್ದು.

"ಸುಟ್ಟರ ಸುಡಲಿ! ಎರಡು ತಿಂಗಳಾತು, ನನ್ನ ಎದಿ ಸುಡಾಕತ್ತೈತಿ... ಅದು ನಿಮಗ ಕಾಣಂಗಿಲ್ಲೇನ್ರಿ?"

ಪಡಸಾಲೆಯಿಂದ ಅವಳ ಅಜ್ಜಿ ಮುದಕಮ್ಮ ಕೂಗಿದಳು: "ಮೊದಲ ನೀರು ಕೊಡವಾ. ಕುಡದ ಮ್ಯಾಲ ಬೈಯುವಂತಿ."

ಅದು 1949ರ ಡಿಸೆಂಬರ್. ಕುಕನೂರಿನ ಅಮರಪ್ಪ ಮುಂಬಯಿಯ ಒಂದು ಸ್ಟುಡಿಯೋದಲ್ಲಿ ಎಡಿಟರ್. ಬರೆದ ಚಿತ್ರಗಳು ಎದ್ದು ನಡೆದಾಡುವ ಕಾರ್ಟೂನ್ ಸಿನಿಮಾಗಳ ರೀಲು ಕತ್ತರಿಸಿ ಜೋಡಿಸುವುದು ಅವನ ಕೆಲಸ. ಫೆಬ್ರವರಿಯಲ್ಲಿ ಕೆಲಸಗಾರರ ಸಂಘ ಮುಷ್ಕರ ಹೂಡಿದಾಗ ಮೂರು ವಾರ ಊರಿಗೆ ಬಂದಿದ್ದ.

ಎದುರುಮನೆಯ ಹೇಮಪ್ಪನ ಮಗಳು ಪಾರ್ವತೆಮ್ಮ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಎತ್ತನ್ನು ಕಂಡು ನಿಂತೇಬಿಟ್ಟಿದ್ದ.

"ಇದನ್ನ ನಡಸ್ತೀಯೇನು?"

ಅವಳು ನಡೆಸಿದಳು! ಇಪ್ಪತ್ನಾಲ್ಕು ಹಾಳೆ, ಇಪ್ಪತ್ನಾಲ್ಕು ಎತ್ತು. ಒಂದೊಂದನ್ನು ಎರಡೆರಡು ಸಲ ಫೋಟೋ ತೆಗೆದರೆ ಪರದೆಯ ಮೇಲೆ ಎರಡು ಸೆಕೆಂಡ್.

"ನಿನ್ನ ಎತ್ತು ಪರದಿ ಮ್ಯಾಲ ನಡೀತೈತಿ. ಇದು ನನ್ನ ಮಾತು," ಎಂದು ಹೇಳಿಹೋಗಿದ್ದ.

ಆ ಸಿನಿಮಾ ದೀಪಾವಳಿಗೆ ಕೊಪ್ಪಳದ ಟೆಂಟಿಗೆ ಬಂತು. ಪಾರ್ವತೆಮ್ಮ ಅಜ್ಜಿಯನ್ನೂ ಗಾಡಿ ಹತ್ತಿಸಿಕೊಂಡು ಹೋಗಿ ಕುಳಿತಳು. ರೈತ ಬಂದ, ಹೊಲ ಬಂತು, ಬಾವಿ ಬಂತು... ಎತ್ತು ಬರಲೇ ಇಲ್ಲ!

'ಹಳ್ಳಿ ಹುಡುಗಿ ಗೀಚಿದ್ದು ಅಂತ ನಾಚಿಕಿ ಆಗಿರಬೇಕು ಅವರಿಗೆ...' ಅಂದಿನಿಂದ ಬಂದ ಅವನ ಮೂರು ಕಾಗದಗಳನ್ನು ಅವಳು ಒಡೆದೇ ಇರಲಿಲ್ಲ.

ಈಗ ನೀರಿನ ತಂಬಿಗೆಯನ್ನು ಅವನ ಮುಂದೆ ಠಕ್ಕನೆ ಇಟ್ಟು ಕೇಳಿದಳು: "ಎತ್ತು ಕತ್ತರಿಸಿದವರು ಯಾರ್ರಿ?"

"ನಾನ."

ಅವಳು ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಸ್ಟುಡಿಯೋ ಮಾಲಕ ಅದನ್ನ ತನ್ನ ಭಾಮೈದನ ಹೆಸರಿಲೆ ಹಾಕು ಅಂದ. ಬರದಾಕಿ ಕುಕನೂರಾಗ ಅದಾಳ ಅಂದೆ. ಸಂಘದಾಗ ಇಲ್ಲದಾಕಿಗೆ ಹೆಸರ್ಯಾಕ, ಕೂಲಿ ಯಾಕ ಅಂದ. ಎತ್ತು ಇಟ್ಟಿದ್ದರ ನನ್ನ ಮಾತು ಉಳೀತಿತ್ತು... ನಿನ್ನ ಹೆಸರು ಹೋಗತಿತ್ತು. ಅದಕ್ಕ ಕತ್ತರಿಸಿದೆ."

"ಇಷ್ಟನ್ನ ಒಂದು ಕಾಗದದಾಗ ಬರಿಯಾಕ ಏನಾಗಿತ್ರಿ?"

"ಮೂರರಾಗೂ ಬರದೀನಿ."

ಪಾರ್ವತೆಮ್ಮ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ಕಿಸಕ್ಕನೆ ನಕ್ಕಳು: "ಓದಿದ್ದರ ಬೈಯಾಕ ಎಲ್ಲಿ ಸಿಗತಿತ್ತು ಬಿಡು!"

ಅಮರಪ್ಪ ರೀಲಿನ ತುಂಡನ್ನು ಬಾಗಿಲ ಬಿಸಿಲಿಗೆ ಹಿಡಿದ. ಸಣ್ಣ ಚೌಕ, ಅದರೊಳಗೆ ಅವಳ ಎತ್ತು. ಮುಂದಿನ ಚೌಕದಲ್ಲೂ ಎತ್ತು... ಕಾಲೆತ್ತುತ್ತಿತ್ತು. ಒಂದೂ ಕಳೆದಿರಲಿಲ್ಲ. ಅವಳ ಕಣ್ಣು ಮಂಜಾದವು.

"ಸಂಘದವರು ಒಪ್ಪ್ಯಾರ," ಎನ್ನುತ್ತ ಅವನು ಜೇಬಿನಿಂದ ಫಾರಮು ತೆಗೆದ. "ನೀ ಸದಸ್ಯಳಾದರ ಮುಂದಿನ ಸಿನಿಮಾದಾಗ ಎತ್ತು ಬರತೈತಿ. ನಿನ್ನ ಹೆಸರೂ ಬರತೈತಿ."

ಎಲ್ಲವನ್ನೂ ತುಂಬಿದ್ದ. 'ತಂದೆ ಅಥವಾ ಗಂಡನ ಹೆಸರು' ಎಂಬ ಸಾಲು ಮಾತ್ರ ಖಾಲಿ.

"ಅದನ್ನ... ನೀನ ತುಂಬು." ಅವನ ಕಿವಿ ಕೆಂಪಾಗಿದ್ದವು.

ಅವಳು ಪೆನ್ನು ತೆಗೆದುಕೊಂಡು ನಿಧಾನವಾಗಿ ಬರೆದಳು: ಹೇಮಪ್ಪ.

ಅವನ ಮುಖ ಬಾಡಿತು. ತುಟಿಯಂಚಿನ ನಗುವನ್ನು ಅವಳಿಗೆ ಅಡಗಿಸಲಾಗಲಿಲ್ಲ.

"ಸುಳ್ಳು ಬರಿಯಾಕ ಬರತೈತೇನ್ರಿ? ಇವತ್ತಿಗೆ ಇದ ಖರೇ... ಆಮ್ಯಾಲ ತಿದ್ದಸಾಕ ಬರತೈತೇನು?"

"ಬರತೈತಿ! ಒಂದು ಅರ್ಜಿ ಕೊಟ್ಟರ ಸಾಕು!"

"ಹಂಗಾರ ಅಪ್ಪ ಹೊಲದಾಗ ಅದಾನ," ಎಂದಳು ಪಾರ್ವತೆಮ್ಮ, ಸೆರಗಿನ ಮರೆಯಿಂದ. "ಮೊದಲಿನ ಅರ್ಜಿ ಅಲ್ಲಿ ಕೊಡ್ರಿ."