ಏರಿನಲ್ಲಿ ಎಳೆಯದ ಗಾಡಿ

ಹದಿನೆಂಟು ವರ್ಷ ಊರಿನ ಇಂಜಿನ್ನುಗಳ ಗೋಳು ಕೇಳಿದವನಿಗೆ, ತನ್ನ ಗೋಳು ಕೇಳುವವರು ಯಾರೂ ಇಲ್ಲವೆಂದು ಗೊತ್ತಾದದ್ದು ಒಂದು ಸೋಮವಾರ ಬೆಳಿಗ್ಗೆ. ಶೆಡ್ಡಿನ ಯಜಮಾನರು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, ತಮಗೆ ಕಿವಿ ಮಂದವಾಗುತ್ತಾ ಬಂದಿದೆ, ಬರುವ ತಿಂಗಳಿಂದ ಮೇಸ್ತ್ರಿಕೆ ಅಳಿಯನದು ಎಂದುಬಿಟ್ಟರು. ಕಿವಿ ಮಂದವಾದವರು ಹೇಳುವ ಹಾಗೇ ಜೋರಾಗಿ ಹೇಳಿದರು. ಎದುರಿನ ಸೈಕಲ್ ಅಂಗಡಿಯವನು ತಲೆಯೆತ್ತಿ ನೋಡಿದ.

ಶೆಡ್ಡಿನಲ್ಲಿ ಅವನ ಅಡ್ಡಹೆಸರೇ ‘ಕಿವಿ’. ಓಡುವ ಇಂಜಿನ್ನಿನ ಮುಂದೆ ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಸಾಕು, ರೋಗ ಹೇಳುತ್ತಿದ್ದ. ಬರೀ ಹೇಳಿ ಸುಮ್ಮನಾಗುತ್ತಿರಲಿಲ್ಲ, ಅದೇ ಸದ್ದನ್ನು ಬಾಯಲ್ಲಿ ಹೊರಡಿಸಿ ತೋರಿಸುತ್ತಿದ್ದ. ಸಡಿಲ ಬೆಲ್ಟಿನ ಕಿರುಚಾಟ, ಸವೆದ ಬೇರಿಂಗಿನ ಗೊಣಗಾಟ, ನಡುವೆ ಒಂದು ಸಲ ಯಜಮಾನರ ಕೆಮ್ಮು. ಗಾಡಿ ಬಿಡಲು ಬಂದವರು ಅರ್ಧ ಗಂಟೆ ನಿಂತು ನಕ್ಕು ಹೋಗುತ್ತಿದ್ದರು. ಅಳಿಯನ ಬಳಿ ಇದ್ದದ್ದು ಒಂದು ಸ್ಕ್ಯಾನರ್ ಪೆಟ್ಟಿಗೆ ಮತ್ತು ‘ನೋಡೋಣ’ ಎಂಬ ಒಂದೇ ಮಾತು. ಪೆಟ್ಟಿಗೆ ನೋಡಿ ರೋಗ ಹೇಳುವವನು ಡಾಕ್ಟರಲ್ಲ, ಪೋಸ್ಟ್‌ಮ್ಯಾನ್ ಎನ್ನುವುದು ಕಿವಿಯ ಅಭಿಪ್ರಾಯ. ಅವನಿಗಿರುವ ಅರ್ಹತೆಯಾದರೂ ಏನು? ಅಳಿಯ ಅಲ್ಲ, ಮಗಳ ಗಂಡ. ಹೇಗೆ ತಿರುಗಿಸಿ ಓದಿದರೂ ಅಷ್ಟೇ.

ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನವಿತ್ತು. ಯಜಮಾನರ ಮನಸ್ಸು ಹಳೆಯ ಗೇರ್ ಇದ್ದ ಹಾಗೆ, ಬೀಳುವುದು ಕಷ್ಟ, ಆದರೆ ಒಂದು ಗಟ್ಟಿ ಏಟಿಗೆ ಬಿದ್ದೇ ಬೀಳುತ್ತದೆ. ಅಳಿಯ ಮಾಡಿದ ಕೆಲಸ ನಾಲ್ಕು ಜನರ ಎದುರು ಕೆಡಬೇಕು. ಪೆಟ್ಟಿಗೆ ಹಿಡಿದು ಅವನು ಪೆಚ್ಚಾಗಬೇಕು. ಆಮೇಲೆ ಕಿವಿ ಬಂದು ಒಂದೇ ನಿಮಿಷದಲ್ಲಿ ಕಂಡುಹಿಡಿಯಬೇಕು. ಯಾರ ಪ್ರಾಣಕ್ಕೂ ಅಪಾಯವಿಲ್ಲ. ಒಬ್ಬನ ಮಾನ, ಅದೂ ಸ್ವಲ್ಪ.

ಅವಕಾಶ ಮಂಗಳವಾರವೇ ಒದಗಿತು, ಹೆಡ್‌ಮಿಸ್ಸಿನ ಗಾಡಿಯ ರೂಪದಲ್ಲಿ. ದಿಬ್ಬದ ಮೇಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ಊರಿನ ಅರ್ಧ ಜನರ ಕಿವಿ ಹಿಂಡಿದ ಕೈ ಅವರದು. ಅವರು ಬಂದರೆ ಯಜಮಾನರು ಈ ವಯಸ್ಸಿನಲ್ಲೂ ಎದ್ದು ನಿಲ್ಲುತ್ತಿದ್ದರು. ಅವರ ಗಾಡಿಯ ಸೈಲೆನ್ಸರ್ ತುಕ್ಕು ತಿಂದು ತೂತಾಗಿತ್ತು. ಅಳಿಯ ಬೆಳಿಗ್ಗೆಯೆಲ್ಲ ಕೂತು ನಡುವಿನ ಪೈಪು ಬದಲಾಯಿಸಿದ. ಅವನದೊಂದು ಅಭ್ಯಾಸ: ಜೋಡಿಸುವ ಮುಂಚೆ ಪೈಪಿನ ಬಾಯಿಯನ್ನು ಪಾತ್ರೆ ತಿಕ್ಕುವಂಥ ತಂತಿನಾರಿನ ಉಂಡೆಯಿಂದ ಒಳಗೂ ಹೊರಗೂ ಮಿರಮಿರ ಮಿಂಚುವಷ್ಟು ಉಜ್ಜುವುದು. ಉಜ್ಜಿದ ಉಂಡೆಯನ್ನು ಮರೆತು ಪೈಪಿನೊಳಗೇ ಬಿಡುವುದು ಹೊಸ ಕೈಗಳು ಮಾಡುವ ತಪ್ಪು. ಈ ತಪ್ಪು ಅಳಿಯನಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯಂತಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಡಬ್ಬಿ ತಂದಿದ್ದ ಕಿವಿ ಎಂದಿನಂತೆ ಉಳಿದ. ಉಂಡೆಯನ್ನು ಅಳಿಯನ ತಟ್ಟೆಯಿಂದಲೇ ಎತ್ತಿಕೊಂಡ. ಹೊಸದು ಅನುಮಾನ ಹುಟ್ಟಿಸುತ್ತದೆ. ಗಾಡಿಯ ಕೆಳಗಿನ ಗುಂಡಿಗಿಳಿದು, ಎರಡನೇ ಜಾಯಿಂಟಿನ ಮೂರು ಬೋಲ್ಟ್ ಬಿಚ್ಚಿ ಅದನ್ನು ಒಳಗಿಟ್ಟ. ತೀರಾ ಬಿಗಿಯಾದರೆ ಗಾಡಿ ಹೊರಡುವುದೇ ಇಲ್ಲ, ಸಡಿಲವಾದರೆ ಹೊಗೆಯೇ ಹಿಂದಕ್ಕೆ ತಳ್ಳಿಬಿಡುತ್ತದೆ. ಹದ ಮುಖ್ಯ. ಬೋಲ್ಟ್ ಹಾಕಿ, ಶೆಡ್ಡಿನ ಹಿಂದಿನ ಏರಿನಲ್ಲಿ ಒಂದೇ ಸಲ ಓಡಿಸಿ ನೋಡಿದ. ಸಮತಟ್ಟಿನಲ್ಲಿ ಏನೂ ಇಲ್ಲ. ಏರು ಶುರುವಾಗಿದ್ದೇ ತಡ, ಘೊರ್ರ್... ಬುಸ್. ಘೊರ್ರ್... ಬುಸ್. ಮೂರನೆಯದಕ್ಕೆ ಒಂದು ಸಣ್ಣ ಉಗ್ಗು. ಅವನಿಗೆ ರೋಮಾಂಚನವಾಯಿತು. ಇಷ್ಟು ಚೆಂದದ ರೋಗವನ್ನು ಅವನು ಇದುವರೆಗೆ ಕೇಳಿರಲಿಲ್ಲ.

ಹೆಡ್‌ಮಿಸ್ಸು ಗಿಡ್ಡ. ಹಿಂದಕ್ಕೆ ಸರಿಸಿದ್ದ ಸೀಟನ್ನು ಅದರ ಹಳಿಯ ಹಲ್ಲು ಎಣಿಸಿ ಮೊದಲಿನ ಜಾಗಕ್ಕೇ ತಂದ. ಕನ್ನಡಿ ತಿರುಗಿಸಿದ. ಬೋಲ್ಟಿನ ಮೇಲೆ ಬೆರಳಿನಿಂದ ಧೂಳು ಸವರಿದ. ಕೈ ತೊಳೆದು ಡಬ್ಬಿ ಬಿಚ್ಚಿದಾಗ ಊಟ ಇನ್ನೂ ಬೆಚ್ಚಗಿತ್ತು. ಸಂಜೆ ಹೆಡ್‌ಮಿಸ್ಸು ಗಾಡಿ ತೆಗೆದುಕೊಂಡು ಹೋದರು. ಶೆಡ್ಡಿನ ಮುಂದಿನ ರಸ್ತೆ ಸಮತಟ್ಟು. ಗಾಡಿ ಒಳ್ಳೇ ವಿದ್ಯಾರ್ಥಿಯಂತೆ ಸದ್ದಿಲ್ಲದೆ ಹೋಯಿತು.

ಬುಧವಾರ ಏನೂ ಆಗಲಿಲ್ಲ. ಕಾಯುವುದು ಇಷ್ಟು ಕಷ್ಟವೆಂದು ಅವನು ಯೋಜನೆಯಲ್ಲಿ ಬರೆದುಕೊಂಡಿರಲಿಲ್ಲ. ಫೋನ್ ಹೊಡೆದುಕೊಂಡಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಜಾರುತ್ತಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ತನಗೇ ಗೊತ್ತಿಲ್ಲದೆ ಘೊರ್ರ್ ಬುಸ್ ಎನ್ನತೊಡಗಿದ. ಹೆಂಡತಿ ಸೌಟು ಹಿಡಿದು ನಿಂತು ನೋಡಿದಳು.

“ಊಟಕ್ಕೂ ಗಾಡೀಲೇ ಬಂದ್ರಾ? ಇಳೀರಿ, ಆಮೇಲೆ ಬಡಿಸ್ತೀನಿ.”

ಗುರುವಾರ ಬೆಳಿಗ್ಗೆ ಅಳಿಯನಿಗೊಂದು ಫೋನ್ ಬಂತು. ಅವನು ಪೆಟ್ಟಿಗೆ ಎತ್ತಿಕೊಂಡು ಎಲ್ಲಿಗೋ ಹೋಗಿ, ಎರಡು ಗಂಟೆ ಬಿಟ್ಟು ವಾಪಸ್ ಬಂದ. ಮುಖ ಸಣ್ಣದಾಗಿತ್ತು. ಮಾವನನ್ನು ಮೂಲೆಗೆ ಕರೆದು ಏನೋ ಹೇಳಿದ. ಕೇಳಿಸದ ಮಾವನ ಕಿವಿಗೇ ಬಾಯಿಟ್ಟು ಎರಡೆರಡು ಸಲ ಹೇಳಬೇಕಾಯಿತು. ಪೆಟ್ಟಿಗೆ ಸೋತಿದೆ ಎಂದು ಕಿವಿ ಅರ್ಥ ಮಾಡಿಕೊಂಡ. ತಪ್ಪೊಪ್ಪಿಗೆ ನಡೆಯುತ್ತಿದೆ. ಆ ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದ.

ಶುಕ್ರವಾರ ಅವನು ಶೆಡ್ಡಿಗೆ ಬರುವಷ್ಟರಲ್ಲಿ ಹೆಡ್‌ಮಿಸ್ಸಿನ ಗಾಡಿ ಗುಂಡಿಯ ಮೇಲೆ ನಿಂತಿತ್ತು. ಪಕ್ಕದಲ್ಲಿ ಹೆಡ್‌ಮಿಸ್ಸು, ಯಜಮಾನರು, ಅಳಿಯ. ಟೈರಿನವನು, ಪೇಂಟಿನವನು, ಎದುರಿನ ಸೈಕಲ್ ಅಂಗಡಿಯವನೂ ಇದ್ದರು. ಟಿಕೆಟ್ ಇಟ್ಟಿದ್ದರೂ ಇಷ್ಟು ಒಳ್ಳೆಯ ಸಭೆ ಸೇರುತ್ತಿರಲಿಲ್ಲ.

“ಏರಲ್ಲಿ ಎಳೀತಾನೇ ಇಲ್ಲಪ್ಪ,” ಎಂದರು ಹೆಡ್‌ಮಿಸ್ಸು. “ನಾನು ಶಾಲೆ ಗೇಟು ಮುಟ್ಟೋಷ್ಟರಲ್ಲಿ ಎರಡನೇ ಗಂಟೆ ಹೊಡೆದಾಗಿರುತ್ತೆ. ಮಕ್ಕಳಿಗೆ ಲೇಟು ಅಂತ ಬೈಯೋದು ಹೇಗೆ?”

“ನನಗೆ ತಿಳೀಲಿಲ್ಲ ಅಣ್ಣ,” ಎಂದ ಅಳಿಯ. “ನೀವೇ ಒಂಚೂರು ನೋಡಿ.”

ಹದಿನೆಂಟು ವರ್ಷದಲ್ಲಿ ಯಜಮಾನರ ಕಡೆಯವರಿಂದ ಕೇಳಿದ ಅತ್ಯಂತ ಇಂಪಾದ ಸದ್ದು ಅದು. ಮೂರು ದಿನದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದುದನ್ನು ಕಿವಿ ಇನ್ನು ತಡೆಯಲಾರದೆ ಹೋದ. ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, ಎದೆಯುಬ್ಬಿಸಿ ಹೊರಡಿಸಿದ: ಘೊರ್ರ್... ಬುಸ್. ಘೊರ್ರ್... ಬುಸ್. ಮೂರನೆಯದಕ್ಕೆ ಆ ಸಣ್ಣ ಉಗ್ಗು. ಪೇಂಟಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಡ್‌ಮಿಸ್ಸು ಬೆರಗಾಗಿ, ಅದೇ ಸದ್ದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು. ಏನೂ ಕೇಳಿಸದ ಯಜಮಾನರು ಮಾತ್ರ ಅವನ ಬಾಯನ್ನೇ ನೋಡುತ್ತಿದ್ದರು.

ಅವನು ಗುಂಡಿಗಿಳಿದ. ಮೊದಲ ಜಾಯಿಂಟನ್ನು ಮುಟ್ಟಲಿಲ್ಲ, ನೇರ ಎರಡನೆಯದಕ್ಕೆ ಸ್ಪ್ಯಾನರ್ ಹಾಕಿದ. ಗಾಡಿಗೆ ಗಂಟಲು ಕಟ್ಟಿದೆ ಎಂದು ಮೇಲಿನವರಿಗೆ ಕೇಳುವಂತೆ ವಿವರಿಸಿದ. “ಉಜ್ಜೋದು ತಪ್ಪಲ್ಲ ಅಳಿಯಂದ್ರೇ, ಉಜ್ಜಿದ ಉಂಡೇನ ಒಳಗೇ ಮರೆತರೆ ಪಾಪ ಗಾಡಿ ಏನು ಮಾಡುತ್ತೆ?” ಎಂದ. ಮೂರು ಬೋಲ್ಟ್ ಅಂಗೈಗೆ ಬಿದ್ದವು. ಎರಡು ಬೆರಳು ಪೈಪಿನೊಳಗೆ ತೂರಿಸಿದ.

ಪೈಪು ಖಾಲಿಯಿತ್ತು. ಬೆರಳನ್ನು ಇನ್ನೂ ಒಳಕ್ಕೆ ಚಾಚಿ ತಡಕಾಡಿದ. “ಅದನ್ನ ಅಳಿಯಂದ್ರು ನಿನ್ನೆ ನಮ್ಮನೆ ಅಂಗಳದಲ್ಲೇ ತೆಗೆದ್ರಪ್ಪ,” ಎಂದರು ಹೆಡ್‌ಮಿಸ್ಸು, ಹಾಜರಿ ಕೂಗುವ ದನಿಯಲ್ಲಿ. “ಯಾರು ಇಟ್ಟಿದ್ದು ಅನ್ನೋದೊಂದು ಉಳಿದಿತ್ತು.” ಕಿವಿಗೆ ಇನ್ನೂ ಧೈರ್ಯವಿತ್ತು. ಗುಂಡಿಯಿಂದ ತಲೆ ಹೊರಗೆ ಹಾಕಿ, ಇದರಲ್ಲಿ ಗುಟ್ಟೇನಿದೆ ಮೇಡಂ, ನಾನು ಸದ್ದು ಕೇಳಿಯೇ ರೋಗ ಹೇಳುವವನು, ಊರಿಗೇ ಗೊತ್ತು ಎಂದ. “ಯಾವ ಸದ್ದಪ್ಪ?” ಎಂದು ಅವರು ಬಗ್ಗಿ, ಅವನ ಮುಖದ ಮುಂದೆ ಮುಷ್ಟಿ ಬಿಚ್ಚಿದರು. ಅದರೊಳಗೆ ಗಾಡಿಯ ಕೀ ಇತ್ತು. ಅವನು ಶೆಡ್ಡಿಗೆ ಕಾಲಿಟ್ಟಾಗಿನಿಂದ ಅದು ಅಲ್ಲೇ ಇತ್ತು.