ಹತ್ತಿಕಾಳೆಣ್ಣೆಯ ಹನ್ನೆರಡು ಡಬ್ಬಿ

ಹೋಟೆಲಿನ ಹಿಂಬಾಗಿಲಲ್ಲಿ ಯಾರೋ ಮೊಬೈಲ್ ಎತ್ತಿ ಹಿಡಿದದ್ದು ಕಂಡು ಹೇಮಾವತಿಗೆ ಮೈ ಉರಿದುಹೋಯಿತು.

"ಯಾರ್ರಿ ಅದು? ಯಾರ ಫೋಟೋ ಹೊಡ್ಯಾಕತ್ತೀರಿ?"

ಅವನು ಬೆಚ್ಚಿ ಹಿಂದೆ ಸರಿದ. "ನಿಮ್ದಲ್ರಿ. ಎಣ್ಣಿ ಡಬ್ಬಿದು."

ಮೊಬೈಲ್ ತಿರುಗಿಸಿ ತೋರಿಸಿದ. ನಿಜ, ಬರೀ ಖಾಲಿ ಡಬ್ಬಿಗಳು. ಮೂಲೆಯಲ್ಲಿ ಅವಳ ವೇಲಿನ ತುದಿ ಮಾತ್ರ ಸಿಕ್ಕಿಬಿದ್ದಿತ್ತು.

"ಡಬ್ಬಿ ಅಷ್ಟು ಚಂದ ಅದಾವೇನ್ರಿ?"

"ಚಂದ ಇದ್ದದ್ದನ್ನ ಹೊಡ್ಯಾಕ ಧೈರ್ಯ ಸಾಲಲಿಲ್ರಿ."

ನಗಬಾರದು ಅಂದುಕೊಂಡೇ ಅವಳು ನಕ್ಕಳು.

ಅವನ ಹೆಸರು ಗೌತಮ. ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಒಂದು ಆ್ಯಪ್ ಮಾಡಿದ್ದ. ಹೋಟೆಲ್ ಕಂಪನಿಗಳ ಹೆಸರು ಒತ್ತಿದರೆ ಯಾರ ಅಡುಗೆಯಲ್ಲಿ ಸೂರ್ಯಕಾಂತಿ, ಸೋಯಾ, ಹತ್ತಿಕಾಳಿನ ಎಣ್ಣೆ ನೂರಕ್ಕೆ ಎಷ್ಟು ಅಂತ ಪಕ್ಕಪಕ್ಕದಲ್ಲೇ ತೋರಿಸುತ್ತಿತ್ತು. 'ಹಸಿರೆಲೆ' ಕಂಪನಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೊಂದು ಹೋಟೆಲು. ನಾಲ್ಕರ ಬೋರ್ಡಿನ ಮೇಲೂ 'ತುಪ್ಪದ ಅಡುಗೆ ಮಾತ್ರ' ಅಂತಿತ್ತು. ಕುಷ್ಟಗಿಯ ಸ್ಟೋರ್‌ರೂಮಿನ ಕೀಲಿ ಹೇಮಾವತಿಯ ಸೊಂಟದಲ್ಲಿತ್ತು. ತುಪ್ಪದ ಡಬ್ಬಿ ತಿಂಗಳಿಗೆ ಒಂದು ಬಂದರೆ ಹೆಚ್ಚು ಅನ್ನುವುದು ಅವಳಿಗಷ್ಟೇ ಗೊತ್ತು.

"ತಿನ್ನೋರಿಗೆ ಗೊತ್ತಾಗಬೇಕಲ್ರಿ, ಏನು ತಿನ್ನಾಕತ್ತೀವಿ ಅಂತ," ಅಂದ ಗೌತಮ.

ಅವಳು ಪ್ರತಿ ಸೋಮವಾರ ಮೆಸೇಜ್ ಕಳಿಸತೊಡಗಿದಳು. ಸೋಯಾ ಇಷ್ಟು, ಸೂರ್ಯಕಾಂತಿ ಇಷ್ಟು. ಭಾನುವಾರ ಅವನೇ ಬಸ್ಸು ಹತ್ತಿ ಬಂದು ಒಂದು ಚಹಾವನ್ನು ಮುಕ್ಕಾಲು ತಾಸು ಕುಡಿಯುತ್ತಿದ್ದ.

"ಚಹಾ ಆರಿ ನೀರಾತಲ್ರಿ."

"ಆರಲಿ ಬಿಡ್ರಿ. ನಾ ಅದನ್ನ ನೋಡ್ಲಿಕ್ಕೆ ಬಂದಿಲ್ಲ."

ಅವಳ ಕಿವಿ ಕೆಂಪಾಗುತ್ತಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ದುರುಗವ್ವ ಬೇಕೆಂದೇ ಕೆಮ್ಮುತ್ತಿದ್ದಳು.

ಆ್ಯಪಿನಲ್ಲಿ 'ಹಸಿರೆಲೆ' ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ, ತುಪ್ಪವಲ್ಲದ ಎಣ್ಣೆ ನೂರಕ್ಕೆ ತೊಂಬತ್ತೊಂದು ಅಂತ ಬಂತು. ಗಿರಾಕಿಗಳು ಕೌಂಟರಿನಲ್ಲಿ ಫೋನ್ ಹಿಡಿದು ಕೇಳತೊಡಗಿದರು. ನಾಲ್ಕೂ ಹೋಟೆಲಿನ ಮೇಲಿನ ಮ್ಯಾನೇಜರ್ ಕನಕರಾಜ ಬಂದ. ಯಾರಿಗೂ ಬೈಯಲಿಲ್ಲ. ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ, ಎಲ್ಲರ ಮನೆಮಂದಿಯನ್ನು ಹೆಸರು ಹಿಡಿದು ವಿಚಾರಿಸಿಕೊಂಡು ಹೋದ. ಹೇಮಾವತಿಗೆ ಅವತ್ತು ಊಟ ಸೇರಲಿಲ್ಲ.

ಮುಂದಿನ ವಾರ ಹನ್ನೆರಡು ಡಬ್ಬಿ ಹತ್ತಿಕಾಳೆಣ್ಣೆ ಬಂದಿಳಿಯಿತು. ಹಿಂದೆಂದೂ ಬಂದಿರದ ಮಾಲು. ಸೋಮವಾರ ಅವಳು ಅದನ್ನೂ ಬರೆದು ಕಳಿಸಿದಳು. ಮಂಗಳವಾರ ಆ್ಯಪಿನಲ್ಲಿ ಬಂತು. ಬುಧವಾರ ಕನಕರಾಜ ಬಂದು ದುರುಗವ್ವನ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ.

"ಯವ್ವಾ, ನಿನ್ನ ಮಗಳು ಡಬ್ಬಿ ಭಾಳ ಛಲೋ ಎಣಸ್ತಾಳ." ಆಮೇಲೆ ಹೇಮಾವತಿಯ ಕಡೆ ತಿರುಗಿದ. "ಹತ್ತಿಕಾಳೆಣ್ಣಿ ಇದೊಂದ ಹೋಟೆಲಿಗೆ ಕಳಿಸಿದ್ದೆ ತಂಗಿ. ಉಳಿದ ಮೂರಕ್ಕ ಕಳಿಸೇ ಇಲ್ಲ."

ಅವಳ ಕೈ ಸೊಂಟದ ಕೀಲಿಗೆ ಹೋಯಿತು.

"ನಾಳೆ ಸಂಜಿ ಒಳಗ ಒಂದು ವಿಡಿಯೋ ಮಾಡಿ ಕೊಡು. ಆ ಮೇಷ್ಟ್ರು ಎಲ್ಲಾ ಸುಳ್ಳ ಬರದಾನ ಅಂತ ಹೇಳು, ಸಾಕು. ನಿನ್ನ ಕೆಲಸ ಇರತೈತಿ, ನಿಮ್ಮವ್ವಂದೂ ಇರತೈತಿ. ಅಂದಂಗ, ಅವ ಗಂಗಾವತ್ಯಾಗ ಎಲ್ಲಿ ಇರ್ತಾನ, ಎಷ್ಟಕ್ಕ ಹೊರಗ ಬೀಳ್ತಾನ, ನಮ್ಮ ಹುಡುಗರು ನೋಡಿಟ್ಟಾರ."

ರಾತ್ರಿಯೇ ಹೇಮಾವತಿ ಗೌತಮನಿಗೆ ಫೋನಿನಲ್ಲಿ ಎಲ್ಲಾ ಹೇಳಿದಳು. ಮರುದಿನ ಮಧ್ಯಾಹ್ನ ಅವನು, ಅವಳು ಕಾಯುತ್ತಿದ್ದ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಬೆಳಿಗ್ಗೆಯಿಂದ ಒಂದು ಬೈಕು ತನ್ನ ಹಿಂದೆಯೇ ಇತ್ತು ಅಂದ.

"ವಿಡಿಯೋ ಮಾಡಿಬಿಡ್ರಿ ಹೇಮಾ. ನಾ ಎಲ್ಲಾ ಅಳಸ್ತೀನಿ. ನನ್ನ ಸುಳ್ಳ ಅಂದ್ರೂ ಅಡ್ಡಿಯಿಲ್ಲ, ನಿಮಗೇನೂ ಆಗಬಾರದು."

"ನೀವು ಸುಳ್ಳಾದ್ರ ನಾನೂ ಸುಳ್ಳಲ್ಲೇನ್ರಿ?" ಅಂದಳು ಅವಳು. "ವಾರಾ ವಾರಾ ಕಳಿಸಿದ್ದು ಬರೇ ಡಬ್ಬಿ ಲೆಕ್ಕ ಅಂತ ತಿಳಕೊಂಡೀರೇನು? ಸೋಮವಾರ ಬರಲಿ ಅಂತ ದಿನಾ ಎಣಸ್ತಿದ್ದೆ ನಾನು."

 ಗೌತಮ ಮೆಲ್ಲಗೆ ಅಂದ, "ನಾನು ಭಾನುವಾರ ಎಣಸ್ತಿದ್ದೆ."

"ಹಂಗಾದ್ರ ನನ್ನ ಹೆಸರು ಹಾಕ್ರಿ. ಲೆಕ್ಕ ಕೊಟ್ಟಾಕಿ ಇಕಿ ಅಂತ."

"ಅವ್ವ ಏನಂದ್ರು?"

"ರೊಟ್ಟಿ ಎಲ್ಲಿದ್ರೂ ಬಡಿಬಹುದು ಅಂದ್ಲು. ಆಮ್ಯಾಲೆ ಭಾಳ ಹೊತ್ತು ಅತ್ಲು."

ಅವನು ಆ್ಯಪ್ ತೆರೆದು ಟೈಪ್ ಮಾಡಿದ: ಹೇಮಾವತಿ, ಸ್ಟೋರ್‌ಕೀಪರ್, ಕುಷ್ಟಗಿ. ಕೊನೆಯ ಬಟನ್ ಅವಳೇ ಒತ್ತಿದಳು.

ಐದು ನಿಮಿಷವೂ ಕಳೆದಿರಲಿಲ್ಲ. ರಸ್ತೆಯಾಚೆ ಬಿಳಿ ಜೀಪೊಂದು ಬಂದು ನಿಂತಿತು. ಗಾಜು ಇಳಿಯಿತು. ಒಳಗೆ ಕನಕರಾಜ ಫೋನ್ ನೋಡುತ್ತಿದ್ದ. ತಲೆ ಎತ್ತಿ ಇವರನ್ನು ನೋಡಿ, ಪರಿಚಯದವರಿಗೆ ನಕ್ಕ ಹಾಗೆ ನಕ್ಕ.

ಗಂಗಾವತಿ ಬಸ್ಸು ಹಾರ್ನ್ ಹೊಡೆಯಿತು. "ಹೋಗೂಣು ಬರ್ರಿ," ಗೌತಮ ಅವಸರಿಸಿದ.

"ಮನ್ಯಾಗ ಅವ್ವ ಒಬ್ಬಾಕಿ ಅದಾಳ. ಅಲ್ಲಿಗೆ ಹೋಗೂಣು. ಅವ್ವಗ ನೀವ ಹೇಳಬೇಕು."

"ಏನಂತ?"

"ಮಗಳನ್ನ ಕೇಳಾಕ ಬಂದೀನಿ ಅಂತ."

ಆ ಬಿಸಿಲಲ್ಲಿ ಅವನ ಕಣ್ಣು ತುಂಬಿಬಂತು. ಮನೆಗೆ ಹೋಗುವ ದಾರಿ ಜೀಪಿನ ಪಕ್ಕದಿಂದಲೇ ಇತ್ತು. ಹೇಮಾವತಿ ಎಲ್ಲರೆದುರು ಅವನ ಕೈ ಹಿಡಿದಳು. ಇಬ್ಬರೂ ರಸ್ತೆ ದಾಟಿ ಜೀಪನ್ನು ಹಾದು ಮುಂದೆ ಹೋದರು.

ಹಿಂದೆ ಇಂಜಿನ್ ಸ್ಟಾರ್ಟ್ ಆಯಿತು.

"ಓಡೂಣೇನು?" ಅವನು ಕೇಳಿದ.

"ಬ್ಯಾಡ್ರಿ," ಅಂದಳು ಅವಳು, ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.